ವೃದ್ಧ ತಂದೆ-ತಾಯಂದಿರ ಆರೈಕೆ, ಆರೈಕೆ ಮಾಡುವವರ ಆರೈಕೆ



ಬಾಳೆ ಗೊನೆ ಹಾಕಿ ಬಾಗಿದಾಗ ಅದಕ್ಕೆ ಊರುಗೋಲು ಕೊಡದ ರೈತನಿಲ್ಲ. ಆದರೆ ಆ ಕೋಲು ಗಟ್ಟಿಯಾಗಿದೆಯೋ, ಬುಡಕ್ಕೆ ಗೆದ್ದಲು ಹಿಡಿದಿದೆಯೋ ಎಂದು ನೋಡುವವರು ಕಡಿಮೆ. ಕೋಲು ಮುರಿದರೆ ಗೊನೆಯೂ ಕೋಲೂ ಒಟ್ಟಿಗೆ ನೆಲಕ್ಕೆ ಬೀಳುತ್ತವೆ. ನಮ್ಮ ಮನೆಗಳ ವೃದ್ಧ ತಂದೆ-ತಾಯಂದಿರ ಮಾತೂ ಹೀಗೆಯೇ. ಅವರಿಗೆ ಆಸರೆ ಬೇಕೆಂಬದು ಎಲ್ಲರೂ ಬಲ್ಲ ಸಂಗತಿ. ಆಸರೆಯಾಗಿ ನಿಂತ ಸೊಸೆ, ಮಗಳು, ಹೆಂಡತಿ ಇಲ್ಲವೆ ಮಗನ ಸ್ಥಿತಿ ಏನೆಂದು ಕೇಳುವವರು ಕಡಿಮೆ. ಈ ಪಾಠದಲ್ಲಿ ಎರಡನ್ನೂ ಕೂಡಿಯೇ ವಿಚಾರ ಮಾಡೋಣ.

1. ಈ ಪ್ರಶ್ನೆ ಈಗೇಕೆ ದೊಡ್ಡದಾಯಿತು?

1952ರ ಅಕ್ಟೋಬರ್ 2ರಂದು ಸಮುದಾಯ ವಿಕಾಸ ಯೋಜನೆ ಆರಂಭವಾದ ಕಾಲಕ್ಕೆ ನಮ್ಮ ದೇಶದ ಜನರ ಸರಾಸರಿ ಆಯುಸ್ಸು ಮೂವತ್ತರ ಆಸುಪಾಸಿನಲ್ಲಿತ್ತು. ಮಲೇರಿಯಾ, ಸಿಡುಬು, ಕಾಲರಾ ರೋಗಗಳು ಚಿಕ್ಕ ಮಕ್ಕಳನ್ನೂ ದುಡಿಯುವ ಪ್ರಾಯದವರನ್ನೂ ಒಯ್ಯುತ್ತಿದ್ದವು. ಈಗ ಸರಾಸರಿ ಆಯುಸ್ಸು ಎಪ್ಪತ್ತರ ಹತ್ತಿರ ಬಂದಿದೆ. 1961ರ ಜನಗಣತಿಯಲ್ಲಿ ಅರವತ್ತು ದಾಟಿದವರು ದೇಶದಲ್ಲಿ ನೂರಕ್ಕೆ ಆರಕ್ಕಿಂತ ಕಡಿಮೆ ಇದ್ದರು. 2011ರ ಜನಗಣತಿಯಲ್ಲಿ ನೂರಕ್ಕೆ ಎಂಟಕ್ಕಿಂತ ಹೆಚ್ಚಾದರು. ಇದು ಸಂತೋಷದ ಸುದ್ದಿ. ಅಜ್ಜ-ಅಜ್ಜಿಯರ ಮುಖ ಕಾಣದೆ ಬೆಳೆಯುವ ಮೊಮ್ಮಕ್ಕಳು ಈಗ ವಿರಳ.

ಆದರೆ ಇದೇ ಕಾಲದಲ್ಲಿ ಮನೆಗಳು ಚಿಕ್ಕವಾದವು. ಭಟ್ಕಳದ ಎಷ್ಟೋ ಮನೆಗಳ ಗಂಡುಮಕ್ಕಳು ದುಬೈ ಮೊದಲಾದ ಕೊಲ್ಲಿ ದೇಶಗಳಲ್ಲಿದ್ದಾರೆ. ಹೊನ್ನಾವರ, ಕುಮಟೆಗಳ ಹುಡುಗರು ಬೆಂಗಳೂರು, ಮುಂಬಯಿ, ಗೋವೆಗಳನ್ನು ಸೇರಿದ್ದಾರೆ. ಮೀನುಗಾರರ ಕೇರಿಯವರು ಹಂಗಾಮಿನಲ್ಲಿ ಮಲ್ಪೆಯ ಬೋಟುಗಳಿಗೆ ಹೋಗುತ್ತಾರೆ. ಹಿಂದೆ ಒಂದೇ ಅಂಗಳದಲ್ಲಿ ನಾಲ್ಕು ಸೊಸೆಯರು ಸರದಿಯಲ್ಲಿ ನೋಡುತ್ತಿದ್ದ ಅತ್ತೆಯನ್ನು ಈಗ ಒಬ್ಬಳೇ ನೋಡಬೇಕು. ಅವಳೇ ತೋಟಕ್ಕೆ ನೀರು ಬಿಡಬೇಕು, ಆಕಳಿಗೆ ಹುಲ್ಲು ಹಾಕಬೇಕು, ಮಕ್ಕಳನ್ನು ಶಾಲೆಗೆ ಕಳುಹಿಸಬೇಕು. ಕೆಲಸ ಹೆಚ್ಚಿತು, ಕೈಗಳು ಕಡಿಮೆಯಾದವು. ತೊಡಕು ಇರುವದು ಇಲ್ಲಿಯೇ.

2. ನಡೆದಾಡುವ ಹಿರಿಯರಿಗೆ ಬೇಕಾದುದೇನು?

ಮೊದಲನೆಯದು ಮಾನ. ತೋಟ ಮಾಡಿ, ಸಾಲ ತೀರಿಸಿ, ಮಕ್ಕಳ ಮದುವೆ ಮಾಡಿದವನನ್ನು ಇನ್ನು ಮೇಲೆ ಯಾವ ಮಾತಿಗೂ ಕೇಳದೆ ಜಗಲಿಯ ಮೂಲೆಗೆ ಕೂರಿಸಿದರೆ, ಹೊಟ್ಟೆ ತುಂಬಿದರೂ ಅವನು ಸೊರಗುತ್ತಾನೆ. ಅಡಿಕೆ ಯಾವಾಗ ಕೊಯ್ಯಬೇಕು, ಯಾವ ಗದ್ದೆಗೆ ಯಾವ ಬೀಜ ಎಂಬದನ್ನು ಅವನನ್ನು ಕೇಳಿರಿ. ಅಘನಾಶಿನಿಯ ಗಜನಿಯಲ್ಲಿ ಕಗ್ಗ ಭತ್ತ ಬೆಳೆದವರ ಅನುಭವ ಯಾವ ಪುಸ್ತಕದಲ್ಲಿಯೂ ಪೂರ್ತಿ ಸಿಗದು. ಕುಳಿತು ಮಾಡುವ ಕೆಲಸ, ಅಂದರೆ ಹಗ್ಗ ಹೊಸೆಯುವದು, ಬಲೆ ಕಟ್ಟುವದು, ಹೂ ಕಟ್ಟುವದು, ಮೈಗೂ ಮನಸ್ಸಿಗೂ ಒಳ್ಳೆಯದು.

ಎರಡನೆಯದು ಬೀಳದಂತೆ ಕಾಯುವದು. ಮುದಿ ಎಲುಬು ಒಣಗಿದ ಅಡಿಕೆ ದಬ್ಬೆಯಂತೆ, ಸಣ್ಣ ಪೆಟ್ಟಿಗೂ ಮುರಿಯುತ್ತದೆ. ಸೊಂಟದ ಕೀಲಿನ ಎಲುಬು ಮುರಿದವರಲ್ಲಿ ಅನೇಕರು ಮತ್ತೆ ಮೊದಲಿನಂತೆ ಏಳುವದಿಲ್ಲ. ನಮ್ಮ ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಚಿರೆಕಲ್ಲಿನ ಮೆಟ್ಟಿಲು, ಅಂಗಳ, ಬಾವಿಕಟ್ಟೆ, ಬಚ್ಚಲುಗಳಲ್ಲಿ ಪಾಚಿ ಕಟ್ಟುತ್ತದೆ. ಮೇ ತಿಂಗಳು ಮುಗಿಯುವ ಮೊದಲೇ ಈ ಕೆಲಸಗಳನ್ನು ಮಾಡಿಕೊಳ್ಳಿರಿ:

ಅ) ಮೆಟ್ಟಿಲು ಮತ್ತು ಬಚ್ಚಲ ಕಲ್ಲುಗಳನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಅದನ್ನೇ ಮಾಡುವದು.
ಆ) ಬಚ್ಚಲು ಮತ್ತು ಪಾಯಖಾನೆಯ ಗೋಡೆಗೆ ಕೈಗೆ ಸಿಗುವ ಎತ್ತರದಲ್ಲಿ ಗಟ್ಟಿ ಕೊಳವೆ ಇಲ್ಲವೆ ಮರದ ಹಿಡಿಕೆ ಕೂರಿಸುವದು.
ಇ) ಮಲಗುವ ಜಾಗದಿಂದ ಪಾಯಖಾನೆಯವರೆಗೆ ರಾತ್ರಿ ಒಂದು ಸಣ್ಣ ದೀಪ ಉರಿಯುವಂತೆ ಮಾಡುವದು.
ಈ) ಕುಕ್ಕರಗಾಲಿನಲ್ಲಿ ಕುಳಿತೇಳಲಾರದವರಿಗೆ ನಡುವೆ ತೂತು ಇರುವ ಕುರ್ಚಿಯನ್ನು ಬಡಗಿಯಿಂದ ಮಾಡಿಸುವದು. ಇದಕ್ಕೆ ತಗಲುವ ಖರ್ಚು ಎಲುಬು ಮುರಿದ ಮೇಲಿನ ಆಸ್ಪತ್ರೆಯ ಖರ್ಚಿನ ಮುಂದೆ ಏನೂ ಅಲ್ಲ.

ಮೂರನೆಯದು ಊಟ. ಹಲ್ಲು ಹೋದವರಿಗೆ ಗಂಜಿ ಒಳ್ಳೆಯದೇ. ಆದರೆ ಬರಿಯ ಗಂಜಿಯಿಂದ ಮೈಯಲ್ಲಿ ಮಾಂಸ ನಿಲ್ಲುವದಿಲ್ಲ. ಗಂಜಿಯ ಜೊತೆಗೆ ಬೆಂದ ಹೆಸರುಕಾಳು, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ ಅಥವಾ ಮುಳ್ಳು ತೆಗೆದ ಮೀನು ದಿನವೂ ಇರಲಿ. ರಕ್ತದ ಒತ್ತಡ ಇರುವವರಿಗೆ ಒಣಮೀನು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿರಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಎಳನೀರು ಕೂಡ ಹಾನಿ ಮಾಡಬಹುದು. ವೈದ್ಯರನ್ನು ಕೇಳಿಯೇ ಕೊಡಿರಿ. ಮುದುಕರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವದಿಲ್ಲ. ಆದ್ದರಿಂದ ಏಪ್ರಿಲ್-ಮೇ ತಿಂಗಳ ಸೆಖೆಯಲ್ಲಿ ಕೇಳದಿದ್ದರೂ ನೀರು, ಮಜ್ಜಿಗೆ ಕೊಡುತ್ತಿರಬೇಕು.

3. ಹಾಸಿಗೆ ಹಿಡಿದವರ ಆರೈಕೆ

ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಮೈಯ ಭಾರಕ್ಕೆ ಚರ್ಮದ ರಕ್ತ ಸಂಚಾರ ನಿಂತು ಹುಣ್ಣಾಗುತ್ತದೆ. ಸೊಂಟದ ಹಿಂಭಾಗ, ತೊಡೆಯ ಕೀಲು, ಹಿಮ್ಮಡಿ, ಇವು ಹುಣ್ಣು ಏಳುವ ಸ್ಥಳಗಳು. ಮೊದಲು ಅಲ್ಲಿ ಕೆಂಪಗಾಗುತ್ತದೆ. ಆಗಲೇ ಎಚ್ಚರಗೊಂಡರೆ ಹುಣ್ಣನ್ನು ತಡೆಯಬಹುದು. ಹಗಲಿನಲ್ಲಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿರಿ. ಹಾಸಿಗೆಯ ಬಟ್ಟೆ ಒದ್ದೆಯಾಗದಂತೆ, ಸುಕ್ಕಾಗದಂತೆ ನೋಡಿರಿ. ಹಿಮ್ಮಡಿಯ ಕೆಳಗೆ ಅಲ್ಲ, ಮೀನಖಂಡದ ಕೆಳಗೆ ದಿಂಬು ಇಟ್ಟರೆ ಹಿಮ್ಮಡಿ ನೆಲಕ್ಕೆ ತಾಗುವದಿಲ್ಲ. ಕೆಂಪಗಾದ ಜಾಗವನ್ನು ಉಜ್ಜಬಾರದು.

ಊಟ ಮಾಡಿಸುವಾಗ ಕೂರಿಸಿಯೇ ಮಾಡಿಸಬೇಕು. ಮಲಗಿದವರ ಬಾಯಿಗೆ ಗಂಜಿ ಹೊಯ್ದರೆ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆದೀತು. ಊಟವಾದ ಮೇಲೆ ಅರ್ಧ ತಾಸು ಕೂತಿರಲಿ.

ಎತ್ತುವಾಗ ಆರೈಕೆ ಮಾಡುವವರು ತಮ್ಮ ಬೆನ್ನನ್ನು ಕಾಯ್ದುಕೊಳ್ಳಬೇಕು. ಸೊಂಟ ಬಗ್ಗಿಸಿ ಎತ್ತಬಾರದು. ಮೊಣಕಾಲು ಬಗ್ಗಿಸಿ, ಹಿರಿಯರನ್ನು ಮೈಗೆ ಹತ್ತಿರ ಹಿಡಿದು, ಕಾಲಿನ ಬಲದಿಂದ ಏಳಬೇಕು. ಅಕ್ಕಿ ಮೂಟೆ ಎತ್ತುವವರಿಗೆ ಈ ಉಪಾಯ ಗೊತ್ತಿದೆ. ಹಾಸಿಗೆಯಲ್ಲಿ ಸರಿಸಬೇಕಾದರೆ ಅವರ ಕೆಳಗೆ ದಪ್ಪ ಬಟ್ಟೆ ಹಾಸಿ, ಇಬ್ಬರು ಎರಡು ಬದಿ ಹಿಡಿದು ಎಳೆಯಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯನ್ನು ಕೇಳಿದರೆ ಇದನ್ನು ಮಾಡಿ ತೋರಿಸುವರು. ಓದಿ ಕಲಿಯುವದಕ್ಕಿಂತ ನೋಡಿ ಕಲಿಯುವದು ಲೇಸು.

ಪಾರ್ಶ್ವವಾಯುವಿನ ಗುರುತುಗಳು ಮನೆಯ ಎಲ್ಲರಿಗೂ ತಿಳಿದಿರಲಿ: ಬಾಯಿ ಒಂದು ಕಡೆ ಸೊಟ್ಟಗಾಗುವದು, ಒಂದು ಕೈ ಜೋಲು ಬೀಳುವದು, ಮಾತು ತೊದಲುವದು. ಇವುಗಳಲ್ಲಿ ಒಂದು ಕಂಡರೂ ಹೊತ್ತು ನೋಡಿಕೊಂಡು 108ಕ್ಕೆ ಕರೆ ಮಾಡಿರಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ನಾಲ್ಕೂವರೆ ತಾಸಿನೊಳಗೆ ಕೊಟ್ಟರೆ ಮಾತ್ರ ಉಪಯೋಗ. ದೊಡ್ಡ ಚಿಕಿತ್ಸೆಗೆ ನಮ್ಮ ಮೂರು ತಾಲೂಕುಗಳ ಜನರು ಕಾರವಾರ, ಮಣಿಪಾಲ, ಮಂಗಳೂರುಗಳಿಗೆ ಹೋಗಬೇಕಾಗಿ ಬರುವದರಿಂದ, ಎಣ್ಣೆ ತಿಕ್ಕುತ್ತ ಬೆಳಗಿನವರೆಗೆ ಕಾಯುವದು ಎಂದಿಗೂ ಸಲ್ಲದು.

4. ಅರಳು ಮರಳೆಂದು ಬಿಡಬೇಡಿರಿ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನಮ್ಮಲ್ಲಿದೆ. ಈ ಗಾದೆಯಿಂದ ಹಾನಿಯೂ ಆಗಿದೆ. ವಯಸ್ಸಾದವರೆಲ್ಲ ಮರಳಾಗುವದಿಲ್ಲ. ಇಟ್ಟ ಕನ್ನಡಕ ಮರೆಯುವದು ಸಹಜ. ಆದರೆ ಉಂಡದ್ದನ್ನು ಮರೆತು ಮತ್ತೆ ಊಟ ಕೇಳುವದು, ತನ್ನ ಮನೆಯಲ್ಲಿಯೇ ಕುಳಿತು ಮನೆಗೆ ಹೋಗಬೇಕೆನ್ನುವದು, ಮಕ್ಕಳ ಗುರುತು ತಪ್ಪುವದು, ಸಂಜೆಯಾದೊಡನೆ ರೇಗುವದು, ಇವು ಮೆದುಳಿನ ಕಾಯಿಲೆಯ ಲಕ್ಷಣಗಳು. ಇದಕ್ಕೆ ಮರೆಗುಳಿ ಕಾಯಿಲೆ ಎನ್ನುತ್ತಾರೆ. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆಗಳಿಂದಲೂ ಇಂಥ ಲಕ್ಷಣ ಕಾಣಬಹುದು. ಅವನ್ನು ಗುಣಪಡಿಸಬಹುದಾದ್ದರಿಂದ ಒಮ್ಮೆ ವೈದ್ಯರಿಗೆ ತೋರಿಸಲೇಬೇಕು. ಒಂದೆರಡು ದಿನಗಳಲ್ಲಿಯೇ ಫಕ್ಕನೆ ಗೊಂದಲ ಹತ್ತಿದರೆ ಮೂತ್ರದ ಸೋಂಕೋ, ಜ್ವರವೋ, ನೀರಿನ ಕೊರತೆಯೋ ಇರಬಹುದು. ಅಂಥವರನ್ನು ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಇಂಥವರೊಡನೆ ವಾದ ಮಾಡಿ ಫಲವಿಲ್ಲ. ತೀರಿಹೋದ ಅಣ್ಣ ಎಲ್ಲಿ ಎಂದು ಅಮ್ಮ ಕೇಳಿದರೆ, ಅವನು ಸತ್ತ ಸುದ್ದಿಯನ್ನು ದಿನಕ್ಕೆ ಹತ್ತು ಸಲ ಹೇಳಿ ಹತ್ತು ಸಲ ಅಳಿಸುವ ಬದಲು, ಅಣ್ಣನ ಹಳೆಯ ಮಾತು ತೆಗೆದು ಆಡಿರಿ. ಬಾವಿಗೆ ಕಟ್ಟೆ ಮತ್ತು ಜಾಳಿಗೆ ಇರಲಿ. ಹೊರಗೆ ಹೋಗುವ ಬಾಗಿಲಿಗೆ ಗಂಟೆ ಕಟ್ಟಿರಿ. ಕಿಸೆಯಲ್ಲಿ ಊರ ಹೆಸರು ಮತ್ತು ಫೋನ್ ನಂಬರು ಬರೆದ ಚೀಟಿ ಇಡಿರಿ. ಕಾಯಿಲೆಯವರು ಬೈದರೆ ಅದು ಕಾಯಿಲೆಯ ಬೈಗಳೆಂದು ತಿಳಿಯಬೇಕು. ದಿನವೂ ಬೈಸಿಕೊಳ್ಳುವ ಸೊಸೆಗೆ ಇದನ್ನು ಮನೆಯವರು ಬಾಯಿಬಿಟ್ಟು ಹೇಳಬೇಕು.

5. ಆರೈಕೆಯ ಆಳು-ಲೆಕ್ಕ

ತೋಟದ ಕೆಲಸಕ್ಕೆ ಎಷ್ಟು ಆಳು ಬಿತ್ತು ಎಂದು ನಾವು ಬರೆದಿಡುತ್ತೇವೆ. ಆರೈಕೆಯ ಲೆಕ್ಕ ಬರೆದವರಿಲ್ಲ. ಹಾಸಿಗೆ ಹಿಡಿದ ಅತ್ತೆ ಇರುವ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೈ ತೊಳೆಸುವದು, ಮಲಮೂತ್ರದ ಕೆಲಸಕ್ಕೆ ದಿನಕ್ಕೆ ಒಂದೂವರೆ ತಾಸು. ಬೇರೆ ಮೆದು ಅಡಿಗೆ ಮಾಡಿ ಉಣ್ಣಿಸಲು ಒಂದೂವರೆ ತಾಸು. ಬಟ್ಟೆ, ಹಾಸಿಗೆ ಒಗೆಯಲು ಒಂದು ತಾಸು. ಔಷಧ ಕೊಟ್ಟು, ಮಗ್ಗುಲು ಬದಲಿಸಿ, ಕೈಕಾಲು ಆಡಿಸಲು ಒಂದು ತಾಸು. ರಾತ್ರಿ ಎರಡು ಸಲ ಏಳುವದಕ್ಕೆ ಒಂದು ತಾಸು. ಒಟ್ಟು ಆರು ತಾಸು. ತಿಂಗಳಿಗೆ 180 ತಾಸು. ಎಂಟು ತಾಸಿಗೆ ಒಂದು ಆಳೆಂದರೆ ಇಪ್ಪತ್ತೆರಡೂವರೆ ಆಳಿನ ಕೆಲಸ. ನಿಮ್ಮ ಊರಿನ ಕೂಲಿಯ ದರದಿಂದ ಇದನ್ನು ನೀವೇ ಗುಣಿಸಿ ನೋಡಿರಿ. ಇಷ್ಟು ಕೆಲಸವನ್ನು ಒಬ್ಬ ಹೆಂಗಸು ರಜೆಯಿಲ್ಲದೆ, ಕೂಲಿಯಿಲ್ಲದೆ, ಮನೆ-ಕೊಟ್ಟಿಗೆಗಳ ಕೆಲಸದ ಮೇಲೆ ಮಾಡುತ್ತಾಳೆ. ಆಮೇಲೆ ಊರಿಂದ ಬಂದ ನಾದಿನಿ ಹಾಸಿಗೆಯ ವಾಸನೆಯ ಮಾತೆತ್ತಿದರೆ ಅವಳ ಎದೆ ಒಡೆಯದೇ ಇದ್ದೀತೇ?

ಆರೈಕೆ ಮಾಡುವವರು ಸೋಲುತ್ತಿದ್ದಾರೆ ಎಂಬದಕ್ಕೆ ಗುರುತುಗಳುಂಟು: ನಿದ್ದೆ ಇಲ್ಲದಿರುವದು, ಸಣ್ಣ ಮಾತಿಗೆ ಅಳು ಇಲ್ಲವೆ ಸಿಟ್ಟು, ತನ್ನ ಬಿ.ಪಿ., ಸಕ್ಕರೆ ಕಾಯಿಲೆಗಳ ಗುಳಿಗೆಯನ್ನು ತಾನೇ ಮರೆಯುವದು, ನೆಂಟರ ಮನೆಗೆ ಹೋಗದಿರುವದು, ಒಮ್ಮೆ ಮುಗಿದರೆ ಸಾಕೆಂಬ ಯೋಚನೆ ಬಂದು ಆ ಯೋಚನೆಗಾಗಿ ತನ್ನನ್ನೇ ಹಳಿದುಕೊಳ್ಳುವದು. ಇಂಥ ಯೋಚನೆ ಬರುವದು ಪಾಪವಲ್ಲ, ಅದು ದಣಿವು. ದಣಿವಿಗೆ ಮದ್ದು ವಿಶ್ರಾಂತಿ. ಮನಸ್ಸು ತೀರ ಭಾರವಾದರೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಟೆಲಿ-ಮಾನಸ್ ಎಂಬ ಈ ಸೇವೆ 2022ರಲ್ಲಿ ಆರಂಭವಾಯಿತು.

6. ಭಾರ ಹಂಚಿಕೊಳ್ಳುವ ಬಗೆ

ಮನೆಯ ಮಕ್ಕಳೆಲ್ಲ ವರ್ಷಕ್ಕೊಮ್ಮೆ ಕೂಡುವ ಹೊತ್ತು ನಮ್ಮಲ್ಲಿ ಇದ್ದೇ ಇದೆ. ಚೌತಿ, ದೀಪಾವಳಿ, ಈದ್, ಕ್ರಿಸ್‌ಮಸ್, ಊರ ತೇರು, ಯಾವುದಾದರೂ ಆಗಬಹುದು. ಆಗ ಒಂದು ತಾಸು ಕುಳಿತು ಈ ಮಾತುಗಳನ್ನು ತೀರ್ಮಾನಿಸಿ ಕಾಗದದಲ್ಲಿ ಬರೆಯಿರಿ.

ಅ) ಹಣ. ಔಷಧ, ಹಾಸಿಗೆ, ವಾಹನ, ಆಹಾರಗಳ ಖರ್ಚಿಗೆ ಒಂದು ವಹಿ ಇಡಿರಿ. ಗಂಡುಮಕ್ಕಳೂ ಹೆಣ್ಣುಮಕ್ಕಳೂ ಶಕ್ತಿಗೆ ತಕ್ಕಂತೆ ಪಾಲು ಹಾಕಲಿ. ಹಣವು ಆರೈಕೆ ಮಾಡುವವರ ಕೈಗೆ ನೇರವಾಗಿ ಬರಲಿ.
ಆ) ದಿನಗಳು. ಹಣ ಕಳುಹಿಸಿದವನು ಕೈ ತೊಳೆದುಕೊಳ್ಳಬಾರದು. ದೂರದಲ್ಲಿರುವ ಪ್ರತಿಯೊಬ್ಬ ಮಗ ಅಥವಾ ಮಗಳು ವರ್ಷಕ್ಕೆ ಹದಿನೈದು ದಿನವಾದರೂ ಬಂದು ಆರೈಕೆ ವಹಿಸಿಕೊಳ್ಳಲಿ. ಆ ದಿನಗಳಲ್ಲಿ ಸೊಸೆ ತವರಿಗೆ ಹೋಗಲಿ.
ಇ) ಗಂಡಸರ ಪಾಲು. ತಂದೆಯ ಸ್ನಾನ, ರಾತ್ರಿಯ ಒಂದು ಸರದಿ ಮಗನದು. ಇದು ಹೆಂಗಸರ ಕೆಲಸವೆಂಬ ಮಾತನ್ನು ಬಿಡಬೇಕು.
ಈ) ಮಾತು. ಆರೈಕೆ ಮಾಡುವವರಿಗೆ ಉಳಿದವರು ವಾರಕ್ಕೊಮ್ಮೆ ಫೋನು ಮಾಡಿ ಮೊದಲು ಅವರ ಆರೋಗ್ಯವನ್ನೇ ವಿಚಾರಿಸಲಿ.

ಊರಿನವರೂ ಸಹಾಯಕ್ಕೆ ಬರಬಹುದು. ಸ್ವಸಹಾಯ ಸಂಘದ ಹತ್ತು ಹನ್ನೆರಡು ಮಹಿಳೆಯರು ಸರದಿ ಹಾಕಿಕೊಂಡು, ಅಂಥ ಮನೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಎರಡು ತಾಸು ಹಿರಿಯರ ಹತ್ತಿರ ಕುಳಿತರೆ, ಆ ಮನೆಯವಳು ಒಂದು ನಿದ್ದೆ ಮಾಡಿಯಾಳು, ಇಲ್ಲವೆ ಸಂತೆಗೆ ಹೋಗಿ ಬಂದಾಳು. ಒಬ್ಬೊಬ್ಬರ ಸರದಿ ಮೂರು ತಿಂಗಳಿಗೊಮ್ಮೆ ಬಂದೀತು. ನಾಟಿಗೂ ಕೊಯ್ಲಿಗೂ ಮುಯ್ಯಾಳು ಮಾಡುವ ಜನ ನಾವು. ಆ ಮುಯ್ಯನ್ನೇ ಆರೈಕೆಗೂ ತಂದರಾಯಿತು. ಹಾಲಕ್ಕಿಗಳಲ್ಲಿ ಊರಗೌಡರು ಮನೆಯ ವ್ಯಾಜ್ಯಗಳನ್ನು ಕೇಳುವ ಪದ್ಧತಿಯಿದೆ. ಇಂಥ ಹಿರಿಯರು ಯಾವ ಸಮಾಜದಲ್ಲಿದ್ದರೂ ತಂದೆ-ತಾಯಿಯರ ಮಾತನ್ನು ಕೈಗೆತ್ತಿಕೊಂಡರೆ ಕಚೇರಿ ಹತ್ತುವ ಪ್ರಸಂಗ ಕಡಿಮೆಯಾದೀತು.

7. ಕಾಯ್ದೆ ಏನು ಹೇಳುತ್ತದೆ?

ತಂದೆ-ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರಲ್ಲಿ ಬಂತು. ತಮ್ಮ ಗಳಿಕೆಯಿಂದ ಬಾಳಲಾರದ ತಂದೆ-ತಾಯಿಯರನ್ನು ಪೋಷಿಸುವದು ಪ್ರಾಪ್ತ ವಯಸ್ಸಿನ ಮಗ, ಮಗಳು, ಮೊಮ್ಮಗ, ಮೊಮ್ಮಗಳ ಹೊಣೆಯೆಂದು ಅದು ಹೇಳುತ್ತದೆ. ಮಕ್ಕಳಿಲ್ಲದವರನ್ನು ಅವರ ಆಸ್ತಿ ಪಡೆದ ಅಥವಾ ಪಡೆಯಲಿರುವ ಸಂಬಂಧಿ ನೋಡಬೇಕು. ಈ ಪಟ್ಟಿಯಲ್ಲಿ ಸೊಸೆಯ ಹೆಸರಿಲ್ಲ ಎಂಬದನ್ನು ಗಮನಿಸಿರಿ. ಕಾಯ್ದೆಯ ಹೊಣೆ ಮಕ್ಕಳದು, ಕೆಲಸ ಮಾತ್ರ ಸೊಸೆಯದು. ಹಾಗಾದ ಮೇಲೆ ಅವಳು ಮಾಡುವದನ್ನು ಕರ್ತವ್ಯವೆಂದು ಸುಮ್ಮನೆ ಪಡೆಯದೆ ಉಪಕಾರವೆಂದು ನೆನೆಯಬೇಕು.

ಅರ್ಜಿಯನ್ನು ಸಹಾಯಕ ಆಯುಕ್ತರ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಕೊಡಬೇಕು. ನಮ್ಮ ಭಾಗದಲ್ಲಿ ಭಟ್ಕಳ ಮತ್ತು ಕುಮಟೆಗಳಲ್ಲಿ ಸಹಾಯಕ ಆಯುಕ್ತರ ಕಚೇರಿಗಳಿವೆ. ಮೂಲ ಕಾಯ್ದೆಯಂತೆ ತಿಂಗಳಿಗೆ ಹತ್ತು ಸಾವಿರ ರೂಪಾಯಿಯವರೆಗೆ ಜೀವನಾಂಶ ಗೊತ್ತುಮಾಡಬಹುದು. ಹಿರಿಯರನ್ನು ಬೀದಿಗೆ ಬಿಟ್ಟವರಿಗೆ ಮೂರು ತಿಂಗಳವರೆಗಿನ ಸೆರೆ ಅಥವಾ ಐದು ಸಾವಿರ ರೂಪಾಯಿಯವರೆಗಿನ ದಂಡ ಇಲ್ಲವೆ ಎರಡೂ ಆಗಬಹುದು.

ಹಿರಿಯರಿಗೆ ಒಂದು ಮುಖ್ಯ ಎಚ್ಚರಿಕೆ. ಮಕ್ಕಳ ಒತ್ತಾಯಕ್ಕೆ ಜಮೀನನ್ನೆಲ್ಲ ದಾನಪತ್ರ ಮಾಡಿಕೊಟ್ಟು ಬರಿಗೈಯಾಗಬೇಡಿರಿ. ಕೊಡಲೇಬೇಕಾದರೆ ತಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಕರಾರನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಯಿಸಿರಿ. ಕರಾರು ಮುರಿದರೆ ಕಾಯ್ದೆಯ 23ನೇ ಕಲಮಿನಂತೆ ಆ ಪತ್ರವನ್ನು ರದ್ದು ಮಾಡಿಸಬಹುದು. ಕರಾರು ಬರೆಯದಿದ್ದರೆ ಹೋರಾಟ ಕಷ್ಟವಾಗುತ್ತದೆ. ಮೃತ್ಯುಪತ್ರವಾದರೆ ಬದುಕಿರುವವರೆಗೆ ಆಸ್ತಿ ನಿಮ್ಮದೇ, ಬೇಕಾದಾಗ ಬದಲಿಸಲೂ ಬರುತ್ತದೆ. ಮೃತ್ಯುಪತ್ರ ಬರೆಯುವಾಗ ಸೇವೆ ಮಾಡಿದ ಕೈಗಳನ್ನು ಮರೆಯಬೇಡಿರಿ.

8. ಸಿಗುವ ನೆರವು

65 ವರ್ಷ ತುಂಬಿದ ಸಣ್ಣ ರೈತರು, ಕೃಷಿ ಕೂಲಿಕಾರರು, ಮೀನುಗಾರರು ಮೊದಲಾದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಿದೆ. ಅದರ ಮಾಸಾಶನವನ್ನು 2021ರಲ್ಲಿ 1,000 ರೂಪಾಯಿಯಿಂದ 1,200 ರೂಪಾಯಿಗೆ ಏರಿಸಲಾಯಿತು. ಆದಾಯದ ಮಿತಿ ಉಂಟು. ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು. ಹಿರಿಯರ ತೊಂದರೆಗಳಿಗಾಗಿ 14567 ಎಂಬ ಉಚಿತ ಸಹಾಯವಾಣಿಯಿದೆ. ಊರಿನ ಆಶಾ ಕಾರ್ಯಕರ್ತೆಗೆ ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂದು ತಿಳಿಸಿ ಹೆಸರು ಬರೆಯಿಸಿರಿ. ಸರಕಾರಿ ಆಸ್ಪತ್ರೆಗಳಲ್ಲಿ ರಕ್ತದ ಒತ್ತಡ, ಸಕ್ಕರೆ ಕಾಯಿಲೆಗಳ ಗುಳಿಗೆ ಉಚಿತವಾಗಿ ದೊರೆಯುತ್ತವೆ. ಮೈ ಹಗುರವೆನಿಸಿತೆಂದು ಅವನ್ನು ನಡುವೆ ನಿಲ್ಲಿಸಬಾರದು.

9. ಮಳೆಗಾಲಕ್ಕೆ ಮುನ್ನ

2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಎಷ್ಟೋ ದಿನ ಮುಚ್ಚಿತ್ತು. ಶರಾವತಿ, ಗುಂಡಬಾಳ, ಅಘನಾಶಿನಿ ಹೊಳೆಗಳ ದಂಡೆಯಲ್ಲಿ ನೆರೆ ಹೊಸದಲ್ಲ. ಆದ್ದರಿಂದ ಹದಿನೈದು ದಿನದ ಔಷಧ ಮನೆಯಲ್ಲಿ ಸದಾ ಇರಲಿ. ವೈದ್ಯರ ಚೀಟಿ, ಆಧಾರ್, ಪಡಿತರ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿರಿ. ನೀರು ಏರುವ ಸೂಚನೆ ಬಂದರೆ ಹಾಸಿಗೆ ಹಿಡಿದವರನ್ನು ಎಲ್ಲರಿಗಿಂತ ಮೊದಲು ಸಾಗಿಸಬೇಕು. ಯಾರ ಮನೆಗೆ, ಯಾರ ವಾಹನದಲ್ಲಿ ಎಂಬದು ಮೊದಲೇ ಗೊತ್ತಾಗಿರಲಿ.

ಬಾಂಧವರೇ, ಇಂದು ನಾವು ನಮ್ಮ ಹಿರಿಯರನ್ನು ನೋಡಿಕೊಳ್ಳುವ ರೀತಿಯನ್ನು ನಮ್ಮ ಮಕ್ಕಳು ಮೌನವಾಗಿ ನೋಡುತ್ತಿದ್ದಾರೆ. ಅವರು ಕಲಿಯುವ ಪಾಠ ಇದೇ. ಆರೈಕೆ ಮಾಡುವವಳಿಗೆ ಈ ವಾರವೇ ಒಂದು ಪೂರ್ತಿ ರಾತ್ರಿಯ ನಿದ್ದೆ ಕೊಡಿರಿ. ಉಳಿದ ಸುಧಾರಣೆಗಳು ಅಲ್ಲಿಂದ ಆರಂಭವಾಗಲಿ.

ಚರ್ಚೆಗೆ ಪ್ರಶ್ನೆಗಳು

1) ನಿಮ್ಮ ಊರಿನಲ್ಲಿ ಹಾಸಿಗೆ ಹಿಡಿದ ಹಿರಿಯರು ಎಷ್ಟು ಮನೆಗಳಲ್ಲಿದ್ದಾರೆ? ಅವರನ್ನು ಯಾರು ನೋಡುತ್ತಾರೆ?
2) ನಿಮ್ಮ ಮನೆಯ ಆರೈಕೆಯ ಆಳು-ಲೆಕ್ಕ ತಿಂಗಳಿಗೆ ಎಷ್ಟಾಗುತ್ತದೆ?
3) ದೂರದ ಮಕ್ಕಳು ಹಣವಲ್ಲದೆ ಬೇರೆ ಯಾವ ರೀತಿಯಿಂದ ಭಾರ ಹೊರಬಹುದು?
4) ನಿಮ್ಮ ಮಹಿಳಾ ಸಂಘವು ಮಧ್ಯಾಹ್ನದ ಸರದಿಯನ್ನು ಯಾವ ಮನೆಯಿಂದ ಆರಂಭಿಸಬಹುದು?
5) ನಿಮ್ಮ ಮನೆಯ ಮೆಟ್ಟಿಲು, ಬಚ್ಚಲುಗಳಲ್ಲಿ ಈ ಮಳೆಗಾಲಕ್ಕೆ ಮೊದಲು ಆಗಬೇಕಾದ ಕೆಲಸ ಯಾವದು?